ಟಗರಿಗೆ ಕಟ್ಟಿದ ಗೋಣಿ

“ಮುಟ್ಟಬ್ಯಾಡ!”

ಗೊಲ್ಲಾಳಪ್ಪ ಕೂಗಿದ ಆ ಕೂಗಿಗೆ ಬಬಲೇಶ್ವರದ ಕುರಿಗಳಷ್ಟೇ ಅಲ್ಲ, ಟಿಕೋಟಾದ ಕುರಿಗಳೂ ಬೆಚ್ಚಿಬಿದ್ದಿರಬೇಕು!

ಗುರುಬಾಯಿಯ ಕೈ ಗಾಳಿಯಲ್ಲೇ ನಿಂತಿತು. ಗಂಡನ ಹೆಗಲ ಮೇಲಿನ ಹುಲ್ಲುಕಡ್ಡಿ ತೆಗೆಯಲು ಹೋಗಿದ್ದಳು, ಅಷ್ಟೇ. ಅವನು ಟಗರಿನ ಹೊಟ್ಟೆಗೆ ಗೋಣಿ ಕಟ್ಟುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಅದು ಕುರಿಗಳ ಮೇಲೆ ಏರಬಾರದಲ್ಲ!

ಹೋದ ವರ್ಷ, ಎಪ್ಪತ್ನಾಲ್ಕನೇ ಇಸವಿಯಲ್ಲಿ, ಅವಳು ಟಿಕೋಟಾದಿಂದ ಸೊಸೆಯಾಗಿ ಬಂದಾಗ ಇದೇ ಗಂಡ ಸೆರಗು ಬಿಡುತ್ತಿರಲಿಲ್ಲ. ಅವನ ಪ್ರೀತಿಯ ಬಿಸಿಗೆ ಒಲೆ ಹೊತ್ತಿಸದೆಯೇ ರೊಟ್ಟಿ ಬೇಯುತ್ತಿತ್ತು!

ಆದರೆ ಅಣ್ಣನ ಆಪರೇಷನ್ನಿಗೆ ರಕ್ತ ಕೊಡಲು ವಿಜಾಪುರಕ್ಕೆ ಹೋಗಿ ಬಂದವನೇ ಹಾಸಿಗೆಯನ್ನು ಕುರಿಹಟ್ಟಿಗೆ ಒಯ್ದ. ಪ್ರತಿ ಸೋಮವಾರ ಬಸ್ಸು ಹತ್ತುವುದು, ಸಂಜೆ ಕುಂಟುತ್ತಾ ಇಳಿಯುವುದು. ಮೈಯಿಂದ ಯಾವುದೋ ಘಾಟು ವಾಸನೆ...

‘ಅತ್ತರೇನು? ಯಾವಾಕಿ ಅಕಿ?’

ಈ ನಡುವೆ ಅವಳ ಅಂಗೈಯಲ್ಲಿ ಕೆಂಪು ಕಲೆಗಳೆದ್ದಿದ್ದವು. ನೋವಿಲ್ಲ, ತುರಿಕೆಯಿಲ್ಲ. ಖಾರ ಕುಟ್ಟಿದ್ದಕ್ಕೆಂದು ಸುಮ್ಮನಿದ್ದಳು.

ಮುಂದಿನ ಸೋಮವಾರ ಮುಖದ ಮೇಲೆ ಸೆರಗೆಳೆದು ಅವನ ಹಿಂದೆಯೇ ಬಸ್ಸು ಹತ್ತಿದಳು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನೊಂದು ಕತ್ತಲೆ ಮೆಟ್ಟಿಲು ಏರಿ ಮರೆಯಾದ. ಮೇಲಿನಿಂದ ಹೆಣ್ಣುದನಿ:

“ಧೋತರ ಸಡಲ ಮಾಡ್ರಿ.”

ಗುರುಬಾಯಿ ಚಪ್ಪಲಿ ಕೈಗೆತ್ತಿಕೊಂಡು ಮೆಟ್ಟಿಲೇರಿ ಬಾಗಿಲು ಒದ್ದಳು. ಆ ಸದ್ದು ಗೋಳಗುಮ್ಮಟದೊಳಗೆ ಏಳು ಸಲ ಮೊಳಗಿತು!

ಒಳಗೆ ಅದೇ ಘಾಟು, ದವಾಖಾನೆಯ ಸ್ಪಿರಿಟ್ಟಿನದು. ಗಂಡ ಬೆಂಚಿನ ಮೇಲೆ ಬೋರಲು ಬಿದ್ದಿದ್ದ. ಪಕ್ಕದಲ್ಲಿ ಸೂಜಿ ಹಿಡಿದ ನರ್ಸ್ ವತ್ಸಲಾಬಾಯಿ.

“ನೀವೇನ್ರಿ ಇವರ ಹೆಂಡ್ತಿ? ಕರಕೊಂಡು ಬರ್ರಿ ಅಂತ ಪ್ರತಿ ವಾರ ಬಡಕೋತೇನಿ!”

ನರ್ಸಿನ ಕಣ್ಣು ಚಪ್ಪಲಿ ಹಿಡಿದ ಕೈಗೆ ಬಿತ್ತು. ಅಂಗೈ ಬಿಡಿಸಿ ನೋಡಿದಳು. ಕೆಂಪು ಕಲೆಗಳನ್ನು ಒಂದೊಂದಾಗಿ ಒತ್ತಿದಳು.

“ಯಾಕ್ರಿ ಬಾಯಾರ... ಏನಾಗೇತ್ರಿ?”

ಉತ್ತರ ಬೆಂಚಿನಿಂದ ಬಂತು. “ಗರಮಿ ಬ್ಯಾನಿ... ಲಗ್ನಕ್ಕ ಮೊದಲ ಸೊಲ್ಲಾಪುರಕ್ಕ ಕುರಿ ಮಾರಾಕ ಹೋದಾಗ ಮೈ ಮಾರೂ ಒಬ್ಬಾಕಿ ಮನಿಗೆ ಹೋಗಿದ್ದೆ, ಅಲ್ಲೇ ಹತ್ತಿತು. ರಕ್ತ ನೋಡಿದ ಮ್ಯಾಲೆ ಗೊತ್ತಾತು. ನಿನಗ ಹತ್ತಬಾರದಂತ ದೂರ ಮಲಗಿದೆ.”

“ದೂರ ಮಲಗಿದ್ರಿ. ಅದಕ್ಕಿಂತ ಮೊದಲ?”

ಗೊಲ್ಲಾಳಪ್ಪ ಧೋತರ ಬಿಗಿದುಕೊಂಡು ಎದ್ದು ಕೂತ.

“ಟಗರಿಗೆ ಬ್ಯಾನಿ ಬಂದ್ರ ಟಗರೊಂದ ಕಟ್ಟತೀರೇನ್ರಿ? ಅದರ ಜೋಡಿ ಇದ್ದ ಕುರಿ ನೋಡೂದಿಲ್ಲ? ನಾ ನಿಮ್ಮ ಕುರಿಗಿಂತ ಕಡಿಮಿ ಆದೆನೇನು?”

“ಹೇಳಿದ್ರ ಟಿಕೋಟಾಕ್ಕ ಹೋಗಿಬಿಡತಿದ್ದಿ...” ಆ ಗಟ್ಟಿ ಗಂಡಸು ಅತ್ತ ಕಣ್ಣೀರಿಗೆ ಡೋಣಿ ನದಿ ತುಂಬಬೇಕು!

ಗುರುಬಾಯಿ ಬಾಗಿಲು ನೋಡಿದಳು. ಟಿಕೋಟಾ ಬಸ್ಸು ಸಿಗುವ ಹೊತ್ತು... ನಿಂತಳು. ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟಳು. ಆಮೇಲೆ ಅವನ ಪಕ್ಕದಲ್ಲೇ ಕೂತು ತೋಳು ಚಾಚಿದಳು.

“ಬ್ಯಾನಿಗಲ್ರಿ, ನೀವು ಬಾಯಿ ಮುಚ್ಚಿದ್ದಕ್ಕ ಸಿಟ್ಟೈತಿ. ಅದು ಇಷ್ಟಕ್ಕ ಹೋಗೂದಿಲ್ಲ. ಬಾಯಾರ, ಚುಚ್ಚರಿ.”

ಗಾಜಿನ ನಳಿಗೆಯಲ್ಲಿ ಅವಳ ರಕ್ತ ಕಪ್ಪಗೆ ಏರಿತು. ವತ್ಸಲಾಬಾಯಿ ಅದನ್ನು ತಪಾಸಣೆಗೆ ತೆಗೆದಿಟ್ಟಳು.

“ಸೂಜಿ ತಪ್ಪಸದಿದ್ರ ಆರಾಮ ಆಗತದ. ನಾ ಹೂಂ ಅನ್ನೂತನಕ ಮಾತ್ರ ಬ್ಯಾರೆ ಬ್ಯಾರೆ ಹಾಸಿಗಿ!”

ಗೊಲ್ಲಾಳಪ್ಪ ಆ ಕೆಂಪು ಅಂಗೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

“ಮನಿಗೆ ಹೋದ ಕೂಡಲೆ ಇನ್ನೊಂದು ಗೋಣಿ ಹುಡುಕಬೇಕು,” ಎಂದಳು.

“ಟಗರಿಗೆ ಕಟ್ಟೇನಲ್ಲ?”

“ನಿಮಗ್ರಿ!”

“...ಯಾರು ಬಿಚ್ಚಾವ್ರು?”

“ಬಾಯಾರು ಹೂಂ ಅನ್ನಲಿ. ನಾನ ಬಿಚ್ಚತೇನಿ.”