ಒಂಬತ್ತು ಗ್ಯಾಲನ್ ಪೀಪಾಯಿ

೧೯೫೪ನೇ ಇಸವಿ ಮಾರ್ಚ್ ೧೧, ಗುರುವಾರ, ಬೆಳಿಗ್ಗೆ ೧೦.೨೦ಕ್ಕೆ ಕೆಂಗೇರಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಕಳುವಾದದ್ದು ಒಂದು ಖಾಲಿ ಪೀಪಾಯಿ.

ದೂರು ತಂದವನು ಬಿಯರ್ ಕಾರ್ಖಾನೆಯೊಂದರ ಗುಮಾಸ್ತ ಚನ್ನವೀರಪ್ಪ. ಮಂಗಳವಾರ ಅವರ ಲಾರಿ ಮೈಸೂರಿನಿಂದ ಖಾಲಿ ಪೀಪಾಯಿಗಳನ್ನು ಹೇರಿಕೊಂಡು ವಾಪಸು ಬರುತ್ತಿತ್ತು. ನಾಯಂಡಹಳ್ಳಿಯಲ್ಲಿ ಚಕ್ರ ಪಂಚರ್ ಆಗಿ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆವರೆಗೆ ಹೊಂಗೆಮರದ ಕೆಳಗೆ ನಿಂತಿತ್ತು. ಕಾರ್ಖಾನೆಯಲ್ಲಿ ಇಳಿಸಿಕೊಳ್ಳುವಾಗ ಒಂದು ಕಮ್ಮಿ.

"ಖಾಲೀದಾ?" ಹೆಡ್ ಕಾನ್‌ಸ್ಟೇಬಲ್ ಮುನಿವೆಂಕಟಪ್ಪ ತಲೆ ಎತ್ತಿದ.

"ಹೂಂ ಸಾರ್. ಒಂಬತ್ತು ಗ್ಯಾಲನ್ ಹಿಡಿಯೋ ಉಕ್ಕಿನ ಪೀಪಾಯಿ. ಅಂಚಿನ ಮೇಲೆ ನಂಬರ್ ಒತ್ತಿದೆ, ಬಿ ನಾನೂರ ಹದಿನೇಳು."

"ಲಾರೀಲಿ ತುಂಬಿರೋದು ಒಂದೂ ಇರ್ಲಿಲ್ವಾ?"

"ಎರಡಿತ್ತು. ಕ್ಲಬ್ಬಿನೋರು ಬೇಡ ಅಂತ ವಾಪಸ್ ಕಳಿಸಿದ್ರು. ಅವು ಹಂಗೇ ಇವೆ."

"ತುಂಬಿರೋದು ಬಿಟ್ಟು ಖಾಲೀದು ಕದ್ದವ್ನೆ ಅಂದ್ರೆ, ಬಿಡಿ ಸಾರ್, ಕಳ್ಳ ನಮ್ಮ ಕಡೆಯೋನೇ ಅಲ್ಲ."

ಪಕ್ಕದ ಮೇಜಿನಲ್ಲಿ ಕೂತು ಕೇಳುತ್ತಿದ್ದ ಇನ್‌ಸ್ಪೆಕ್ಟರ್ ನಂಜುಂಡಪ್ಪ ಮುನಿವೆಂಕಟಪ್ಪನ ಮಾತಿಗೆ ನಗಲಿಲ್ಲ. ಕಳ್ಳತನದಲ್ಲಿ ಏನು ಹೋಯಿತು ಅನ್ನುವುದಕ್ಕಿಂತ ಏನು ಉಳಿಯಿತು ಅನ್ನುವುದನ್ನು ಅವರು ಮೊದಲು ನೋಡುತ್ತಿದ್ದರು. ಎಫ್‌ಐಆರ್ ೨೭/೫೪, ಕಲಂ ೩೭೯ ಎಂದು ದಾಖಲಿಸಿ, ಟೋಪಿ ಹಾಕಿಕೊಂಡು ಸೈಕಲ್ ಹತ್ತಿದರು. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಮುನಿವೆಂಕಟಪ್ಪ.

೧೧.೪೫. ನಾಯಂಡಹಳ್ಳಿ. ಊರಿನ ಇಬ್ಬರನ್ನು ಸಾಕ್ಷಿಗೆ ಪಂಚರನ್ನಾಗಿ ಕರೆದು ಹೊಂಗೆಮರದ ಕೆಳಗೆ ಸ್ಥಳ ಪಂಚನಾಮೆ ನಡೆಸಿದರು. ಲಾರಿಯ ಎಣ್ಣೆ ತೊಟ್ಟಿಕ್ಕಿದ ಕಲೆ, ಬಿದ್ದ ಹೊಂಗೆ ಹೂವು, ಬೇರೇನೂ ಇಲ್ಲ. ಮರಕ್ಕೆ ಹದಿನೈದು ಹೆಜ್ಜೆ ದೂರದಲ್ಲಿ ಅಂಜಿನಯ್ಯನ ತಗಡಿನ ರಿಪೇರಿ ಶೆಡ್ಡು. ಮಂಗಳವಾರ ಲಾರಿಗೆ ಪಂಚರ್ ಹಾಕಿದವನು ಅವನೇ. ಮೂವತ್ತರೊಳಗಿನ, ತೆಳ್ಳಗಿನ ಆಳು.

"ಪೀಪಾಯಿ ನೋಡಿದ್ಯಾ?"

"ಲಾರಿ ತುಂಬಾ ಇತ್ತು ಸಾರ್."

"ಒಂದು ಇಲ್ಲ."

"ನನ್ನ ಶೆಡ್ಡು ನೋಡ್ಕೊಳ್ಳಿ."

ನೋಡಿದರು. ಟ್ಯೂಬುಗಳು, ಗಾಳಿ ಪಂಪು, ಗ್ಯಾಸ್ ವೆಲ್ಡಿಂಗಿನ ಸಾಮಾನು. ಮೂಲೆಯಲ್ಲಿ ಮಿಲಿಟರಿ ಹರಾಜಿನಲ್ಲಿ ಬಂದ ಹಳೇ ಮೋಟಾರ್ ಸೈಕಲ್ಲು. ಅದರ ಪಕ್ಕಕ್ಕೆ ಸೈಡ್‌ಕಾರ್ ಕಟ್ಟಿತ್ತು. ಕೂರುವ ಜಾಗ ಕಿತ್ತು, ಮಂಚದ ಹಾಗೆ ಹಲಗೆ ಜೋಡಿಸಿ, ಮೇಲೆ ಹತ್ತಿಯ ಹಾಸಿಗೆ ಹೊಲಿದು ಹಾಕಿದ್ದ. ಸೀಟಿನ ಹಿಂದೆ ಹೊಸದಾಗಿ ಬೆಸೆದ ಎರಡು ಕಬ್ಬಿಣದ ಬಳೆಗಳು, ಏನನ್ನೋ ತಬ್ಬಿಕೊಳ್ಳಲು ಕಾದಿದ್ದ ತೋಳುಗಳ ಹಾಗೆ ಖಾಲಿಯಾಗಿ ನಿಂತಿದ್ದವು.

"ಟ್ಯಾಂಕ್ ಎಲ್ಲಯ್ಯ?"

"ಬರೋವಾಗ್ಲೇ ಇರ್ಲಿಲ್ಲ ಸಾರ್. ಹುಡುಕ್ತಾ ಇದೀನಿ."

ನಂಜುಂಡಪ್ಪ ಒಂದು ಬಳೆಯ ಅಗಲವನ್ನು ಗೇಣಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡರು.

೧೨.೫೦. ರಸ್ತೆಯಾಚೆ ಹನುಮಕ್ಕನ ದಿನಸಿ ಅಂಗಡಿ. ಮುನಿವೆಂಕಟಪ್ಪ ನಿಂಬೆಹಣ್ಣಿನ ಪಾನಕ ಕುಡಿದು, "ಊರಲ್ಲೇನಕ್ಕ ವಿಶೇಷ?" ಅಂದ.

"ಏನ್ ವಿಶೇಷ ಸ್ವಾಮಿ, ಹುಣಸೆಹಣ್ಣೇ ವಿಶೇಷ. ಆ ಅಂಜಿನಯ್ಯನ ತಾಯಿ ಮುನಿತಾಯಕ್ಕ ಮೊನ್ನೆ ಸಾಯಂಕಾಲ ಒಂದು ಸೇರು ತರಿಸ್ಕೊಂಡ್ಳು, ನಿನ್ನೆ ಇನ್ನೊಂದು ಸೇರು. ಇರೋರು ಇಬ್ರು. ಊರಿಗೆಲ್ಲಾ ಸಾರು ಕಾಯಿಸ್ತಾಳಾ?"

"ಕೇಳ್ಲಿಲ್ವಾ?"

"ಕೇಳಿದ್ರೆ ಹೇಳೋ ಪೈಕಿನಾ ಅವ್ಳು! ಸೊಂಟ ಮುರಿದ್ಮೇಲೆ ಪಾಪ ಅಂತ ನಾನೇ ಸಾಮಾನು ಕೊಟ್ಬರ್ತೀನಿ. 'ಬರ್ತೀನಿ ಮುನಿತಾಯಕ್ಕ' ಅಂದ್ರೆ 'ಹೋಗ್ಬಾ' ಅಂತ ಒಂದು ಮಾತು ಬೇಡ್ವಾ? ತುಟಿ ಹೊಲ್ಕೊಂಡು ಕೂತಿರ್ತಾಳೆ. ಹದಿಮೂರು ವರ್ಷದಿಂದ ಆ ಬಾಗ್ಲಲ್ಲಿ ಯಾರಿಗೂ ಹೋಗ್ಬಾ ಅಂದಿದ್ದು ನಾ ಕಾಣೆ. ಅಷ್ಟು ಗರ್ವ."

ಮುನಿವೆಂಕಟಪ್ಪ ಲೋಟ ಕೆಳಗಿಟ್ಟ. ಹೊರಗೆ ಬಂದು ಮೆಲ್ಲಗೆ ಹೇಳಿದ. "ಸಾರ್, ನಮ್ಮಪ್ಪ ಒಂದು ಸಲ ಮನೆ ತಂಬಿಗೇಲಿ ಹೆಂಡ ತಂದಿದ್ದ. ನಮ್ಮವ್ವ ಮೂರು ದಿನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ಲು. ತಂಬಿಗೆ ಸವೆದೋಯ್ತು, ಬೈಗುಳ ಸವೀಲಿಲ್ಲ."

ನಂಜುಂಡಪ್ಪ ಆಗ ನಕ್ಕರು. ಆ ದಿನ ನಕ್ಕದ್ದು ಅಷ್ಟೇ.

ಮಧ್ಯಾಹ್ನ ೧.೩೦. ಅಂಜಿನಯ್ಯನನ್ನೂ ಪಂಚರನ್ನೂ ಕರೆದುಕೊಂಡು ಅವನ ಮನೆಯ ಹಿತ್ತಿಲಿಗೆ ಹೋದರು. ಬಾವಿಯ ಪಕ್ಕದ ಒಗೆಯುವ ಕಲ್ಲಿಗೆ ಒರಗಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ನೀರು ಹಾಕುವವಳ ಹಾಗೆ, ಒಂದು ಪೀಪಾಯಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಅಂಜಿನಯ್ಯ ಹಳೇ ಡಬ್ಬದ ಹಾಗೆ ಕಾಣಲೆಂದು ಅದಕ್ಕೆ ಮಸಿ, ಎಣ್ಣೆ ಕಲಸಿ ಬಳಿದಿದ್ದ. ಅವಳು ಉಜ್ಜಿದ ಕಡೆಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿನ ಮೇಲೆ ಒತ್ತಿದ ಅಕ್ಷರ ಮಾರು ದೂರಕ್ಕೇ ಕಾಣುತ್ತಿತ್ತು. ಬಿ ೪೧೭.

ಅಂಜಿನಯ್ಯ ಕಣ್ಣು ಮುಚ್ಚಿಕೊಂಡ. "ಅವ್ವಾ, ಬೇಡ ಅಂದಿದ್ನಲ್ಲ."

"ಬೇಡ ಅಂದ್ರೆ? ಹೆಂಡದ ವಾಸ್ನೆ ಹೊತ್ಕೊಂಡು ನನ್ನ ಮಗನ ಹತ್ರ ಹೋಗ್ಲಾ?" ಮುದುಕಿ ಖಾಕಿ ಬಟ್ಟೆಯತ್ತ ನೋಡಿದಳು. ಕೈ ನಿಂತಿತು. "ಇವ್ರು ಯಾಕೋ ಬಂದವ್ರೆ?"



ನಂಜುಂಡಪ್ಪ ಪೀಪಾಯಿಯನ್ನು ತಿರುಗಿಸಿ ನೋಡಿದರು. ಮೇಲೆ ಕತ್ತರಿಸಿ ಮುಚ್ಚಳದ ಬಾಯಿ ಕೂರಿಸಿದ್ದ. ಗಾಳಿಯಾಡಲು ಸೂಜಿ ಗಾತ್ರದ ತೂತು. ತಳದಲ್ಲಿ ಪೆಟ್ರೋಲ್ ಇಳಿಯಲು ಹಿತ್ತಾಳೆಯ ನಲ್ಲಿ, ಬೆಸುಗೆ ನೂಲಿನಷ್ಟು ಸಣ್ಣದು, ಒಂದೇ ಸಮ. ಮುಚ್ಚಳ ತೆಗೆದು ಮೂಸಿದರು. ಬಿಯರಿಲ್ಲ, ಪೆಟ್ರೋಲಿಲ್ಲ. ಹುಣಸೆಹಣ್ಣು.

ಜಗಲಿಯ ಮೇಲೆ ಹೇಳಿಕೆ ಬರೆದುಕೊಂಡರು.

"ಮೋಟಾರ್ ಸೈಕಲ್ಲಿಗೆ ಒಂಬತ್ತು ಗ್ಯಾಲನ್ ಯಾಕೆ? ಎಲ್ಲಿಗೆ ಹೊರಟಿದ್ದೆ?"

"ಮದರಾಸಿಗೆ ಸಾರ್. ಸಮುದ್ರಕ್ಕೆ."

"ಸಮುದ್ರದಲ್ಲೇನಿದೆ?"

"ನಮ್ಮಣ್ಣ. ದೊಡ್ಡಣ್ಣ ಅಂತ. ನಲವತ್ತೊಂದ್ರಲ್ಲಿ ಮಿಲಿಟರಿ ಸೇರಿ ಅಲ್ಲಿಂದ ಹಡಗು ಹತ್ತಿದ. ಆಮೇಲೆ ಪತ್ತೆ ಇಲ್ಲ ಅಂತ ಒಂದು ಕಾಗದ ಬಂತು. ಅಷ್ಟೇ."

"ರೈಲಿಲ್ವಾ?"

"ಅಣ್ಣ ಹೋಗಿದ್ದು ರೈಲಲ್ಲಿ. ಅವ್ನು ಇಳಿಯೋವರ್ಗೂ ನಾನು ಹತ್ತಲ್ಲ ಅಂತಾಳೆ ಅವ್ವ. ಬಸ್ಸಲ್ಲಿ ಕೂರಕ್ಕಾಗಲ್ಲ. ಮಲಗಿಸ್ಕೊಂಡೇ ಹೋಗ್ಬೇಕು."

"ಮದರಾಸಿಗೆ ಇನ್ನೂರ ಹತ್ತು ಮೈಲಿ. ನಾಲ್ಕೂವರೆ ಗ್ಯಾಲನ್ ಸಾಕು. ದಾರೀಲಿ ಬಂಕುಗಳಿಲ್ವಾ?"

ಅಂಜಿನಯ್ಯ ತಾಯಿಯ ಕಡೆ ನೋಡಿದ. ಅವಳು ಬಾವಿಯ ಕಡೆ ನೋಡುತ್ತಿದ್ದಳು.

"ಇದಾವೆ ಸಾರ್. ಅವ್ವ ಒಪ್ಪಲ್ಲ. ಅವತ್ತು ಅಣ್ಣ ಮನೆ ಬಿಡೋವಾಗ ಜಗಳ ಆಗಿತ್ತು. ಮಿಲಿಟರಿ ಬೇಡ ಅಂತ ಅವ್ವ, ಹೋಗೇ ಹೋಗ್ತೀನಿ ಅಂತ ಅವ್ನು. ಸಿಟ್ಟಲ್ಲಿ 'ಹೋಗ್ತೀನಿ' ಅಂದ್ಬಿಟ್ಟ. 'ಹೋಗ್ಬರ್ತೀನಿ' ಅನ್ಲಿಲ್ಲ. ಇವ್ಳೂ 'ಹೋಗ್ಬಾ' ಅನ್ಲಿಲ್ಲ. ಹೋಗೋದಷ್ಟೇ ತುಂಬ್ಕೊಂಡು ಹೋದ ಅಂತಾಳೆ ಸಾರ್ ಅವ್ವ. ನಾವು ಹೋದ್ರೆ ಹೋಗೋದೂ ಬರೋದೂ ಎರಡೂ ಮನೆ ಬಾಗ್ಲಲ್ಲೇ ತುಂಬ್ಕೊಂಡು ಹೊರಡ್ಬೇಕು. ಅಷ್ಟು ಹಿಡಿಯೋ ಟ್ಯಾಂಕ್ ಯಾವ ಗಾಡಿಗೂ ಬರಲ್ಲ."

"ಅಲ್ಲಿ ಹೋಗಿ?"

"ನೀರಿನ ಹತ್ರ ನಿಂತ್ಕೊಂಡು ಹೋಗ್ಬಾ ಅಂತಾಳಂತೆ. ಅವತ್ತು ಬಾಕಿ ಉಳ್ಸ್ಕೊಂಡಿದ್ದು. ಅಲ್ಲೀವರ್ಗೂ ಆ ಮಾತು ಬೇರೆ ಯಾರಿಗೂ ಕೊಡಲ್ಲ ಅಂತ ಹಿಡ್ಕೊಂಡವ್ಳೆ."

ಮುನಿವೆಂಕಟಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಅಯ್ಯೋ ಮಂಕೇ, ಮದರಾಸ್ ಸೀಮೇಲಿ ಪಾನನಿರೋಧ ಕಣೋ. ಬಿಯರ್ ಪೀಪಾಯಿ ಬೆನ್ನಿಗೆ ಕಟ್ಕೊಂಡು ಹೋಗಿದ್ರೆ ಹೊಸೂರು ಗೇಟಲ್ಲೇ ನಿನ್ನ ಒಳಗ್ ಹಾಕೋರು."

ಅಂಜಿನಯ್ಯನಿಗೆ ಅದು ಹೊಳೆದೇ ಇರಲಿಲ್ಲ. ಅವನ ಮುಖ ನೋಡಿ ಮುನಿವೆಂಕಟಪ್ಪ ತನ್ನ ಮಾತಿಗೆ ತಾನೇ ನಾಚಿ ಸೈಕಲ್ಲಿನ ಗಂಟೆ ಒರೆಸತೊಡಗಿದ.

ನಂಜುಂಡಪ್ಪನವರಿಗೆ ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ ಕುದುರೆಯೊಂದು ನೆನಪಾಯಿತು. ಮನೆಯ ಬಾವಿಯಲ್ಲಿ ಒಂದೇ ಸಲ ನೀರು ಕುಡಿದು ಏಳು ಸಮುದ್ರ ದಾಟಿ ಬರುವ ಕುದುರೆ. ದಾರಿಯ ನೀರು ಮುಟ್ಟಿದರೆ ಮನೆ ಮರೆಯುತ್ತದಂತೆ. ಅದನ್ನು ಹೇಳಿಕೆಯಲ್ಲಿ ಬರೆಯುವಂತಿರಲಿಲ್ಲ.

ಹೇಳಿ ಕಳಿಸಿದ ಮೇಲೆ ಚನ್ನವೀರಪ್ಪ ಬಂದು ಪೀಪಾಯಿಯನ್ನು ಗುರುತಿಸಿದ. ತೂತು ಕಂಡು ಲೊಚಗುಟ್ಟಿದ. "ಇನ್ನು ಇದು ಕೆಲಸಕ್ಕೆ ಬಾರದು ಸಾರ್. ಆದ್ರೂ ಕೇಸು ಕೇಸೇ, ನಮ್ಮ ಸಾಹೇಬ್ರು ಬಿಡಲ್ಲ." ಮಹಜರಿಗೆ ಎಲ್ಲರೂ ಸಹಿ ಮಾಡಿದರು. ಪೀಪಾಯಿ ಜಪ್ತಾಗಿ ಮುದ್ದೆಮಾಲಾಯಿತು.

ಸಂಜೆ ೪.೧೦. ಆರೋಪಿ ದಸ್ತಗಿರಿ. ಅಂಜಿನಯ್ಯ ಒಗೆದ ಅಂಗಿ ಹಾಕಿಕೊಂಡು ಹೊರಬಂದ. ಮುನಿವೆಂಕಟಪ್ಪ ಬೇಡಿ ತೆಗೆದ. ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದ ಮೇಲೆ ಜೇಬಿಗೇ ಹಾಕಿಕೊಂಡ.

ಹೊಸ್ತಿಲ ಬಳಿ ಅಂಜಿನಯ್ಯ ಬಗ್ಗಿ ತಾಯಿಯ ಕಾಲು ಮುಟ್ಟಿದ.

"ಹೋಗ್ಬರ್ತೀನಿ ಕಣವ್ವಾ."

ಮುದುಕಿ ತುಟಿ ಬಿಗಿದಳು. ಹುಣಸೆಹುಳಿಗೆ ಸುಕ್ಕುಗಟ್ಟಿದ್ದ ಬೆರಳುಗಳು ಸೆರಗನ್ನು ಹಿಂಡುತ್ತಿದ್ದವು. ಅವನು ಒಂದು ಕ್ಷಣ ಕಾದ, ಆಮೇಲೆ ನಡೆದ. ಬೀದಿಗಿಳಿದರು. ಊರ ಬಾವಿಕಟ್ಟೆ ದಾಟಿದರು. ಹೊಂಗೆಮರದ ನೆರಳು ಮುಟ್ಟಿದರು.

"ಹೋಗ್ಬಾರೋ!"

ಬಳಸದೆ ತುಕ್ಕು ಹಿಡಿದಿದ್ದ ದನಿ. ಅಂಗಡಿಯಲ್ಲಿ ರಾಗಿ ಅಳೆಯುತ್ತಿದ್ದ ಹನುಮಕ್ಕನ ಕೈ ನಿಂತಿತು. ಜಗಲಿಯ ಅಂಚಿನವರೆಗೂ ತೆವಳಿಕೊಂಡು ಬಂದಿದ್ದ ಮುನಿತಾಯಕ್ಕ, ಒಂದು ಕೈಯಲ್ಲಿ ಕಂಬ ಹಿಡಿದು ಮತ್ತೆ ಕೂಗಿದಳು.

"ಹೋಗ್ಬಾ ಅಂಜಿನೀ, ಹೋಗ್ಬಾ ಮಗ!"

ಅಂಜಿನಯ್ಯ ಹಿಂದೆ ತಿರುಗಲಿಲ್ಲ. ನಂಜುಂಡಪ್ಪ ಸೈಕಲ್ ಹತ್ತದೆ, ತಳ್ಳಿಕೊಂಡೇ ಅವನ ಜೊತೆ ಕೆಂಗೇರಿಯ ಕಡೆ ನಡೆದರು.

ಆರೂ ಹತ್ತಕ್ಕೆ ಠಾಣೆಯಲ್ಲಿ ಕೇಸ್ ಡೈರಿ ತೆರೆದರು. ಮಾಲು: ಉಕ್ಕಿನ ಪೀಪಾಯಿ ಒಂದು, ಪೆಟ್ರೋಲ್ ಟ್ಯಾಂಕಾಗಿ ಮಾರ್ಪಡಿಸಿದ್ದು. ಒಳಗೆ: ಏನೂ ಇಲ್ಲ. ಆರೋಪಿ: ತಪ್ಪೊಪ್ಪಿಕೊಂಡಿದ್ದಾನೆ.

ಉದ್ದೇಶ ಎಂಬಲ್ಲಿಗೆ ಬಂದಾಗ ಮಸಿ ಒಣಗುವವರೆಗೂ ಪೆನ್ನು ಹಿಡಿದು ಕೂತಿದ್ದರು. ಮತ್ತೆ ಅದ್ದಿ, ದುಂಡಗಿನ ಅಕ್ಷರದಲ್ಲಿ ಬರೆದರು.

"ಹೋಗಿ ಬರಲು."