ಪೆನ್ ತಾತನ ವಯಸ್ಸು

ವೀಲ್‌ಚೇರ್ ಹಿಡಿದು ನಿಂತಿದ್ದ ಪೋರ್ಟರ್ ಮತ್ತೊಮ್ಮೆ ಕೇಳಿದ. "ಎಲ್ಲಿ ಮೇಡಂ, ನಿಮ್ಮ ತಾತ?"

"ಬರ್ತಾರೆ ಇರಪ್ಪಾ. ವಯಸ್ಸಾದವರು, ಮಂಡಿ ನೋವು ಬೇರೆ. ಮೆಟ್ಟಿಲು ಹತ್ತಿ ಇಳಿದು ಬರಬೇಡ್ವಾ?"

ಅವಳ ಕಣ್ಣು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೂ ಬಿಳಿಕೂದಲಿನ ತಲೆಗಳನ್ನೇ ಹುಡುಕುತ್ತಿತ್ತು. ಕೈಯಲ್ಲಿದ್ದ ಚೀಲದಲ್ಲಿ ಅಮ್ಮ ಕೊಟ್ಟು ಕಳಿಸಿದ್ದ ಮಂಡಿ ನೋವಿನ ಎಣ್ಣೆ, ಒಂದು ಉಣ್ಣೆ ಟೋಪಿ. "ಪಾಪ, ಆ ವಯಸ್ಸಿನಲ್ಲಿ ಇಂಕಿನ ಹುಚ್ಚು. ಹುಷಾರಾಗಿ ಕರ್ಕೊಂಡು ಹೋಗಿ ಹುಷಾರಾಗಿ ಕರ್ಕೊಂಡು ಬಾ" ಎಂದಿದ್ದಳು ಅಮ್ಮ.

ಅವಳದ್ದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಅವಳದು, ಗಲ್ಲಾಪೆಟ್ಟಿಗೆ ಅಮ್ಮನದು. ಸಂಜೆ ಶಟರ್ ಎಳೆದ ಮೇಲೆ ಅವಳಿಗೆ ಇದ್ದದ್ದು ಒಂದೇ ಹುಚ್ಚು, ಫೌಂಟನ್ ಪೆನ್ನು. ಪೆನ್ನಿನ ಹುಚ್ಚರದ್ದೇ ಒಂದು ಆನ್‌ಲೈನ್ ಗುಂಪಿತ್ತು. ಅಲ್ಲಿ ಅವಳ ಹೆಸರು 'ಕನ್ನಡಕ'. ಅಲ್ಲೇ ಸಿಕ್ಕಿದವರು 'ಪೆನ್ ತಾತ'. ಮೊದಲು ನೀಲಿ ಇಂಕಿನ ಬಗ್ಗೆ ಜಗಳ. ಆಮೇಲೆ ದಪ್ಪ ನಿಬ್ಬೋ ಸಣ್ಣ ನಿಬ್ಬೋ ಎಂದು ಜಗಳ. ಜಗಳ ಆಡುತ್ತಾ ಆಡುತ್ತಾ ದಿನವೂ ನಾಲ್ಕು ಸಾಲು ಬರೆಯದಿದ್ದರೆ ಇಬ್ಬರಿಗೂ ನಿದ್ದೆ ಹತ್ತದಂತಾಯಿತು. ಅವರೂ ಇದೇ ಊರಿನವರು, ಊರಿನ ಆ ಕೊನೆ. ಎರಡು ಗಂಟೆ ದೂರದ ನಗರದಲ್ಲಿ ಪೆನ್ ಶೋ ಇದೆ ಎಂದು ಗೊತ್ತಾದಾಗ "ಒಟ್ಟಿಗೆ ಹೋಗೋಣ ತಾತ, ನಾನಿರ್ತೀನಿ" ಎಂದು ಬರೆದವಳು ಅವಳೇ.

"ನೀವೇ ಕನ್ನಡಕ ಅಲ್ವಾ?"

ತಿರುಗಿದಳು. ಮೂವತ್ತು ದಾಟಿರಬಹುದಾದ ಯುವಕ. ಇಸ್ತ್ರಿಯ ಮಡಿಕೆ ಇನ್ನೂ ಮುರಿಯದ ಹೊಸ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ತುಟಿಗಿಂತ ಮುಂಚೆ ಕಣ್ಣಲ್ಲೇ ನಗುವ ಜಾತಿ.

"ಹೌದು! ನೀವು ಮೊಮ್ಮಗನಾ? ತಾತ ಎಲ್ಲಿ? ಹುಷಾರಾಗಿದ್ದಾರೆ ತಾನೇ?"

"ಯಾವ ತಾತ?"

"ಪೆನ್ ತಾತ."

"ನಾನೇ."

"ತಮಾಷೆ ಬೇಡ, ಟ್ರೈನ್ ಬರೋ ಹೊತ್ತಾಯ್ತು."

ಅವನು ಹಣೆಯ ಮೇಲೆ ಬಿದ್ದಿದ್ದ ಬೆಳ್ಳಗಿನ ಕೂದಲೆಳೆಗಳನ್ನು ಬೆರಳಲ್ಲಿ ಎತ್ತಿ ತೋರಿಸಿದ. "ಹೈಸ್ಕೂಲಲ್ಲೇ ಕೂದಲು ನರೆತುಬಿಡ್ತು. ಅವತ್ತಿಂದ ಎಲ್ಲರಿಗೂ ನಾನು ತಾತ. ನಿಮಗೆ ಗೊತ್ತು ಅಂದ್ಕೊಂಡಿದ್ದೆ. ಬಿಪಿ ಮಾತ್ರೆ ತಗೊಂಡ್ರಾ ತಾತ ಅಂತ ದಿನಾ ಕಾಲೆಳೀತಿದ್ರಲ್ಲ?"

"ಕಾಲೆಳೀತಿರಲಿಲ್ಲ." ಅವಳ ದನಿ ಇಳಿದುಹೋಯಿತು. "ನಿಜವಾಗ್ಲೂ ಕೇಳ್ತಿದ್ದೆ."

ಪೋರ್ಟರ್ ಇಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ಇದರಲ್ಲಿ ಯಾರು ಕೂತ್ಕೋತೀರಿ ಸಾರ್?"

ಅವನಿಗೆ ನಗು ಉಕ್ಕಿ ಬಂತು. ಅವಳ ಮುಖ ನೋಡಿದವನೇ ಅದನ್ನು ಅಲ್ಲಿಗೇ ನುಂಗಿದ.

ಟ್ರೈನಿನಲ್ಲಿ ಎದುರುಬದುರು ಸೀಟು. ಅವಳು ಕಿಟಕಿಗೆ ಅಂಟಿಕೊಂಡು ಕೂತಳು. ಹೊರಗೆ ಓಡುತ್ತಿದ್ದ ಮರಗಳಲ್ಲಿ ಒಂದೂ ಅವಳಿಗೆ ಕಾಣಿಸಲಿಲ್ಲ. ತಾತ ಅಂದುಕೊಂಡು ಏನೇನು ಬರೆದಿರಲಿಲ್ಲ ಅವಳು! ಅಪ್ಪ ತೀರಿಕೊಂಡ ವರ್ಷ ಅಂಗಡಿಯ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಅತ್ತದ್ದು. ನೋಡಲು ಬಂದ ಹುಡುಗ "ಮದುವೆ ಆದ್ಮೇಲೆ ಅಂಗಡಿ ಗಿಂಗಡಿ ಬೇಡ" ಎಂದಾಗ ಕಾಫಿ ಲೋಟ ಕುಕ್ಕಿ ಎದ್ದುಹೋದದ್ದು. ಅದೇ ದಿನ ಸಿಟ್ಟಿನಲ್ಲಿ, ಅಯ್ಯೋ ದೇವರೇ, ಅದೇ ದಿನ ಬರೆದಿದ್ದಳು: 'ನಿಮ್ಮ ಥರ ಮಾತಾಡೋ ಮೊಮ್ಮಗ ಯಾರಾದ್ರೂ ಇದ್ರೆ ಹೇಳಿ ತಾತ, ಕಣ್ಣು ಮುಚ್ಕೊಂಡು ಮದುವೆ ಆಗಿಬಿಡ್ತೀನಿ.'

ಅದಕ್ಕೆ ಬಂದಿದ್ದ ಉತ್ತರವೂ ನೆನಪಾಯಿತು. 'ವಿಚಾರಿಸಿ ಹೇಳ್ತೀನಿ.'

ಅವಳು ಕಿವಿಯವರೆಗೂ ಕೆಂಪಾದಳು. ಈ ಹೊಸ ಶರ್ಟು ಯಾಕೆ ಎಂದು ಈಗ ಹೊಳೆಯಿತು.

"ನಾನು ಬೇರೆ ಬೋಗಿಗೆ ಹೋಗ್ಲಾ?" ಅವನು ಮೆಲ್ಲಗೆ ಕೇಳಿದ. "ನಿಮಗೆ ಮುಜುಗರ ಆಗ್ತಿದೆ. ನನಗೂ ಏನು ಮಾಡ್ಬೇಕೋ ತೋಚ್ತಿಲ್ಲ."

"ಕೂತ್ಕೊಳ್ಳಿ. ಬಂದಿರೋದು ಪೆನ್ನು ನೋಡೋಕೆ. ನೋಡೋಣ, ವಾಪಸ್ ಬರೋಣ. ಅಷ್ಟೇ."

"ಅಷ್ಟೇ," ಎಂದ ಅವನು. ಆ 'ಅಷ್ಟೇ' ಬಾಯಿಂದ ಹೊರಡಲು ಕಷ್ಟಪಟ್ಟಿದ್ದು ಅವಳಿಗೆ ಕೇಳಿಸಿತು. ಕೇಳಿಸದವಳಂತೆ ಕೂತಳು.

ಆದರೆ ಸಿಟ್ಟು ಮಾಡಿಕೊಂಡಿರಲು ಪೆನ್ ಶೋದಂಥ ಕೆಟ್ಟ ಜಾಗ ಇನ್ನೊಂದಿಲ್ಲ.

ಹಾಲ್‌ನ ಬಾಗಿಲು ದಾಟುತ್ತಿದ್ದಂತೆ ಅವಳ ಹೆಜ್ಜೆ ನಿಂತೇ ಹೋಯಿತು. ಸಾಲು ಸಾಲು ಮೇಜು, ಕಪ್ಪು ವೆಲ್ವೆಟ್ಟಿನ ಮೇಲೆ ಮಲಗಿದ ನೂರಾರು ಪೆನ್ನು. ಜೇನಿನ ಬಣ್ಣದವು, ನವಿಲಿನ ಕತ್ತಿನ ಬಣ್ಣದವು, ಒಳಗೆ ಹೊಗೆ ಸುತ್ತಿಕೊಂಡಂತೆ ಕಾಣುವವು. ಗಾಜಿನ ಸೀಸೆಗಳಲ್ಲಿ ಇಂಕು ಬೆಳಕಿಗೆ ಮಿಣಿಮಿಣಿ ಎನ್ನುತ್ತಿತ್ತು. ಎಲ್ಲೆಲ್ಲೂ ಕಾಗದದ ಮೇಲೆ ನಿಬ್ಬು ಆಡುವ ಸದ್ದು, ನೂರು ಜನ ಒಟ್ಟಿಗೆ ಪಿಸುಗುಟ್ಟಿದ ಹಾಗೆ.

"ಅಯ್ಯೋ," ಎಂದಳು.

"ಅಯ್ಯಯ್ಯೋ," ಎಂದ ಅವನು.

ಮುಂದೆ ಯಾರು ಯಾರನ್ನು ಎಳೆದುಕೊಂಡು ಹೋದರೋ ಇಬ್ಬರಿಗೂ ಗೊತ್ತಿಲ್ಲ. ಹಳೇ ಸೆಲ್ಯುಲಾಯ್ಡ್ ಪೆನ್ನುಗಳ ಮೇಜಿನ ಮುಂದೆ ಅವನು ಒಂದರ ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದ. "ವಾಸನೆ ನೋಡಿ."

"ಕರ್ಪೂರ!"

"ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸ್ತಿದ್ರು. ಅರವತ್ತು ವರ್ಷ ಆದ್ರೂ ಹೋಗಿಲ್ಲ."

ಪಕ್ಕದ ಮೇಜಿನಲ್ಲಿ ಇಂಕು ಮಾರುತ್ತಿದ್ದ ಹೆಂಗಸು ಇಬ್ಬರಿಗೂ ಹೊಸ ನೀಲಿಯೊಂದನ್ನು ಕೊಟ್ಟರು. ಅವಳು ಗೀಚಿ ನೋಡಿ, "ಇದು ಸಂಜೆ ನೀಲಿ," ಎಂದಳು.

"ಎಲ್ಲಿಯ ಸಂಜೆ? ಸ್ಕೂಲ್ ಯೂನಿಫಾರ್ಮ್ ನೀಲಿ. ಅದೂ ನಾಲ್ಕು ಸಲ ಒಗೆದಿರೋದು."

"ನಿಮ್ಮ ಕಣ್ಣಿಗೆ ಪವರ್ ಬಂದಿದೆ."

"ನಿಮ್ಮ ಅಂಗಡೀಲಿ ಎಲ್ಲರಿಗೂ ಹೀಗೇ ಹೇಳಿ ಕನ್ನಡಕ ಮಾರ್ತೀರಾ?"

ಮೂಗು ಮುರಿಯಲು ಹೋದವಳು ನಕ್ಕುಬಿಟ್ಟಳು. ನಗುತ್ತಲೇ ಅವನ ಕಡೆ ನೋಡಿದಳು. ಇದೇ ಮಾತು, ಇದೇ ಧಾಟಿ, ತುಟಿಯ ಮೂಲೆಯಲ್ಲಿ ಚೇಷ್ಟೆ ಇಟ್ಟುಕೊಂಡೇ ಮುಖ ಗಂಭೀರ ಮಾಡುವ ಇದೇ ರೀತಿ. ಸಂಜೆ ಹೊತ್ತು ಅವಳನ್ನು ನಗಿಸುತ್ತಿದ್ದ ತಾತ ಎಲ್ಲೂ ಹೋಗಿರಲಿಲ್ಲ. ಇಲ್ಲೇ, ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿದ್ದ. ಬೆರಳ ಸಂದಿಯಲ್ಲಿ ಗ್ರೀಸಿನ ಕಲೆ, ಅದರ ಮೇಲೆ ಇಂಕಿನ ಕಲೆ.

"ಅದೇನು ಕಪ್ಪು?"

"ಲಿಫ್ಟಿನದು. ಲಿಫ್ಟ್ ರಿಪೇರಿ ನನ್ನ ಕೆಲಸ. ಬರೆದಿದ್ನಲ್ಲ, ದಿನಾ ಮೇಲೆ ಕೆಳಗೆ ಓಡಾಡಿ ಸುಸ್ತು ಅಂತ."

"ಮನೆ ಮೆಟ್ಟಿಲು, ಅದಕ್ಕೇ ಮಂಡಿ ನೋವು ಅಂದ್ಕೊಂಡಿದ್ದೆ. ಕೆಳಗಿನ ರೂಮಿಗೆ ಮಂಚ ಹಾಕಿಸ್ಕೊಳ್ಳಿ ಅಂತ ಬರೆದಿದ್ದೆ."

"ಅದನ್ನ ಓದಿ ಇಡೀ ದಿನ ನಕ್ಕಿದ್ದೆ," ಎಂದವನು ನಾಲಿಗೆ ಕಚ್ಚಿಕೊಂಡ.

ಆ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅಮ್ಮ.

"ತಲುಪಿದ್ರಾ? ಹಿರಿಯರು ಹೇಗಿದ್ದಾರೆ? ಸ್ವಲ್ಪ ಅವರಿಗೆ ಕೊಡೇ, ಒಂದು ಮಾತು ಆಡ್ತೀನಿ."

ಅವಳು ಫೋನಿಗೆ ಕೈ ಮುಚ್ಚಿ ಅವನತ್ತ ಗಾಬರಿಯಿಂದ ನೋಡಿದಳು. "ಅಮ್ಮ. ತಾತನ ಹತ್ರ ಮಾತಾಡ್ಬೇಕಂತೆ. ಸ್ವಲ್ಪ ಕೆಮ್ಮಿ, ಹೂಂ ಅಂದುಬಿಡಿ. ಮನೆಗೆ ಹೋಗಿ ನಾನೇ ಹೇಳ್ತೀನಿ."

ಅವನು ಫೋನು ತೆಗೆದುಕೊಂಡ. ಒಂದು ಸಲ ಕೆಮ್ಮಿದ ಕೂಡ. ಆಮೇಲೆ ನೆಟ್ಟಗೆ ನಿಂತು ಹೇಳಿದ. "ನಮಸ್ಕಾರ ಅಮ್ಮ. ನಾನು ತಾತ ಅಲ್ಲ. ನನಗೆ ಮೂವತ್ತಮೂರು. ತಾತ ಅನ್ನೋದು ಅಡ್ಡಹೆಸರು, ನಿಮ್ಮ ಮಗಳು ಅದನ್ನ ನಿಜ ಅಂದ್ಕೊಂಡಿದ್ರು. ಬೆಳಿಗ್ಗೆ ಸ್ಟೇಷನ್ನಿನಲ್ಲೇ ಅವರಿಗೂ ಗೊತ್ತಾಗಿದ್ದು. ಅವರದೇನೂ ತಪ್ಪಿಲ್ಲ."

ಹಾಲ್‌ನ ಗದ್ದಲ ಅವಳ ಪಾಲಿಗೆ ನಿಂತೇಹೋಯಿತು. ಅವಳೂ ಫೋನಿನ ಹತ್ತಿರಕ್ಕೆ ಕಿವಿ ತಂದಳು.

"ಮಂಡಿ ನೋವು?" ಎಂದಳು ಅಮ್ಮ.

"ಇಲ್ಲಮ್ಮ. ಚೆನ್ನಾಗಿದೆ."

"ಹಾಗಾದ್ರೆ ನನ್ನ ಎಣ್ಣೆ ವಾಪಸ್ ಕಳಿಸಿ. ಅವಳಿಗೆ ಫೋನ್ ಕೊಡಿ."

ಅವಳು ಫೋನು ಕಿವಿಗಿಟ್ಟಳು. "ಅಮ್ಮಾ..."

"ನೋಡೋಕೆ ಹೇಗಿದ್ದಾನೆ?"

"ಅಮ್ಮಾ!"

"ಆಯ್ತು, ಆಯ್ತು. ಸುಳ್ಳು ಹೇಳೋಕೆ ಬರಲ್ಲ ಅವನಿಗೆ. ಅಷ್ಟು ನನಗೆ ಗೊತ್ತಾಯ್ತು," ಎಂದು ಅಮ್ಮ ಫೋನಿಟ್ಟಳು.

ಇಬ್ಬರೂ ಕಾಫಿ ಹಿಡಿದುಕೊಂಡು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ಬಿಸಿಲು ಅವನ ಬಿಳಿ ಕೂದಲ ಮೇಲೆ ಬಿದ್ದಿತ್ತು. ಅದನ್ನು ಮುಟ್ಟಿ ನೋಡಬೇಕೆನ್ನಿಸಿ ಅವಳು ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡಳು.

"ಕೆಮ್ಮಿ ಅಂದ್ರೆ ಅಷ್ಟು ಮಾಡಿದ್ರೆ ಸಾಕಿತ್ತಲ್ಲ. ಯಾಕೆ ಹೇಳಿದ್ರಿ?"

"ಒಂದು ಸಲ ಸುಳ್ಳು ತಾತ ಆಗಿದ್ದು ಗೊತ್ತಿಲ್ಲದೆ. ಇನ್ನೊಂದು ಸಲ ಗೊತ್ತಿದ್ದೂ ಆಗೋಕೆ ಮನಸ್ಸಾಗಲಿಲ್ಲ. ಅದೂ ನಿಮ್ಮ ಅಮ್ಮನ ಹತ್ರ."

ಅವಳು ಲೋಟದೊಳಗೆ ನೋಡುತ್ತಾ ಕೇಳಿದಳು. "ಆ ಮೊಮ್ಮಗನ ವಿಷಯ ಬರೆದಿದ್ನಲ್ಲ. ಅದನ್ನ ಏನಂತ ಓದಿದ್ರಿ?"

ಅವನ ಕತ್ತು ಕೆಂಪಾಯಿತು. "ನಿಜ ಹೇಳ್ಲಾ? ನೀವು ನನ್ನನ್ನೇ ಕೇಳ್ತಿದ್ದೀರಿ ಅಂದ್ಕೊಂಡೆ. ನೇರವಾಗಿ ಕೇಳೋಕೆ ನಾಚಿಕೆ, ಅದಕ್ಕೆ ಮೊಮ್ಮಗನ ನೆಪ ಅಂತ. ಅವತ್ತು ಲಿಫ್ಟಿನ ಗುಂಡಿಯೊಳಗೆ ಇಳಿದು ಕೆಲಸ ಮಾಡ್ತಿದ್ದೆ. ಓದಿದವನೇ ಖುಷಿಗೆ ಕೂಗಿಬಿಟ್ಟೆ. ಕೆಳಗಿಂದ ಮೇಲಿನವರೆಗೂ ಎಲ್ಲಾ ಮಹಡಿಗೂ ಕೇಳಿಸ್ತು. ಯಾರೋ ಬಿದ್ದು ಸತ್ರು ಅಂತ ವಾಚ್‌ಮನ್ ಓಡಿ ಬಂದ."

ಅವಳು ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಕಾಫಿ ತುಳುಕುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗು ನಿಂತಾಗ ಅವನು ಮಾತ್ರ ನಗುತ್ತಿರಲಿಲ್ಲ.

"ಇವತ್ತು ನಿಮ್ಮ ಹತ್ರ ಕೇಳ್ಬೇಕು ಅಂತಲೇ ಬಂದಿದ್ದೆ," ಎಂದ. "ಈಗ ಕೇಳೋ ಹಕ್ಕಿಲ್ಲ. ಆದ್ರೆ ಹೇಳೋಕೆ ಅಡ್ಡಿ ಇಲ್ಲ ಅಲ್ವಾ? ನೀವಂದ್ರೆ ನನಗೆ ಬಹಳ ಇಷ್ಟ. ನಿಮ್ಮ ಜಗಳ ಇಷ್ಟ. ಯಾರೋ ಗೊತ್ತಿಲ್ಲದ ಮುದುಕನ ಮಂಡಿಗೆ ಮರುಗೋ ನಿಮ್ಮ ಮನಸ್ಸು ಇಷ್ಟ. ನೀವು ಇನ್ಮೇಲೆ ಬರೆಯದೇ ಇದ್ರೆ..."

ಅವಳು ಕಾಫಿ ಲೋಟ ಪಕ್ಕಕ್ಕಿಟ್ಟಳು.

"ನಾನು ಮನಸ್ಸು ಬಿಚ್ಚಿದ್ದು ಒಬ್ಬ ಮುದುಕನ ಮುಂದೆ," ಎಂದಳು. "ಅವನು ಹೋದ ಅಂತ ಬೆಳಿಗ್ಗೆಯಿಂದ ಅಳು ಬರ್ತಿತ್ತು. ಆ ಇಂಕಿನ ಮೇಜಿನ ಹತ್ರ ಅವನು ಮತ್ತೆ ಸಿಕ್ಕಿದ. ಆದ್ರೂ ಕಣ್ಣು ಮುಚ್ಕೊಂಡು ಮದುವೆ ಆಗೋಕಾಗಲ್ಲ. ನಿಮ್ಮ ಮುಖ ನೋಡಿ ಇನ್ನೂ ಅರ್ಧ ದಿನ ಆಗಿಲ್ಲ. ಭಾನುವಾರ ಅಂಗಡಿಗೆ ಬನ್ನಿ. ನೋಡ್ತೀನಿ."

"ಅಂದ್ರೆ..."

"ನೋಡ್ತೀನಿ ಅಂದೆ. ಈಗ ಏಳಿ, ಆ ಕೊನೇ ಸಾಲು ಪೂರ್ತಿ ಉಳಿದಿದೆ. ಶೋ ಮುಗಿದು ಹೋಗುತ್ತೆ!"

ಅವನ ಶರ್ಟಿನ ತೋಳು ಹಿಡಿದು ಎಳೆದವಳು ಆ ಸಾಲಿನ ಕೊನೆ ಮುಟ್ಟುವವರೆಗೂ ಬಿಡಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಭಾನುವಾರ ಅಂಗಡಿ ತೆಗೆಯುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದ. ಅಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದಳು. "ಏನಾಗ್ಬೇಕಿತ್ತು?"

"ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು," ಎಂದ ಅವನು, ಬೆವರು ಒರೆಸಿಕೊಳ್ಳುತ್ತಾ.

"ಒಳಗೆ ಹೋಗಿ. ಅವಳಿದ್ದಾಳೆ." ಅಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಒಳಕೋಣೆಯಲ್ಲಿ ಅವಳು ದೀಪ ಆರಿಸಿದಳು. ಗೋಡೆಯ ಮೇಲೆ ಅಕ್ಷರಗಳ ಸಾಲು ಮಾತ್ರ ಬೆಳಗುತ್ತಿತ್ತು. ಅವನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದ, ಪರೀಕ್ಷೆಗೆ ಕೂತ ಹುಡುಗನಂತೆ. ಅವಳು ಸಣ್ಣ ಟಾರ್ಚು ಹಿಡಿದು ಅವನ ಕಣ್ಣಿನ ಹತ್ತಿರಕ್ಕೆ ಬಗ್ಗಿದಳು. ದಿನವೂ ಎಷ್ಟೋ ಜನರ ಮುಂದೆ ಹೀಗೆ ಬಗ್ಗುವವಳು. ಇವತ್ತು ಮಾತ್ರ ಟಾರ್ಚಿನ ಬೆಳಕು ಕಣ್ಣು ಬಿಟ್ಟು ಅವನ ಕೆನ್ನೆಯ ಮೇಲೆ ಬಿತ್ತು.

"ನನ್ನ ಕಿವಿ ಪಕ್ಕದ ಗೋಡೆ ನೋಡಿ."

"ನೋಡ್ತಿದ್ದೀನಿ."

"ಇಲ್ಲ. ನನ್ನನ್ನ ನೋಡ್ತಿದ್ದೀರಿ."

"ಹೂಂ."

ಅವನ ಉಸಿರು ಅವಳ ಹಣೆಗೆ ಬಡಿಯುತ್ತಿತ್ತು. ಅವನು ಕೈ ಚಾಚಲಿಲ್ಲ. ಸುಮ್ಮನೆ ಕಾದ. ಅವಳು ಟಾರ್ಚು ಆರಿಸಿದಳು.

"ಕಣ್ಣು ಚೆನ್ನಾಗಿದೆ," ಎಂದಳು ಪಿಸುದನಿಯಲ್ಲಿ. "ಇನ್ನು ನನ್ನನ್ನ ನೀವು ಅಂತ ಕರೀಬೇಡ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಬೆರಳುಗಳು ಕತ್ತಲಲ್ಲಿ ತಡವರಿಸಿ ಅವಳ ಬೆರಳುಗಳನ್ನು ಹಿಡಿದುಕೊಂಡವು.

"ಹೌದಾ?" ಎಂದ. "ನಿಜವಾಗ್ಲೂ? ನೀನು..."

"ಕೂಗಬೇಡ. ಅಮ್ಮ ಹೊರಗಿದ್ದಾಳೆ," ಎಂದು ಅವಳು ಅವನ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಅವನು ಆ ಅಂಗೈಗೇ ಮುತ್ತಿಟ್ಟ.

ಹೊರಗೆ ಯಾರೋ ಗಿರಾಕಿ ಬಂದ ಸದ್ದಾಯಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಅಮ್ಮ. "ಒಳಗಿರೋರಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತೆ."