ಕೆಂಪು ತುದಿಯ ಆರು ಗುಂಡು

"ನಿಮ್ಮ ಡಮ್ಮಿ ಸಿಡೀತು ಕಣ್ರೀ. ಲಗೂನ ಬರ್ರಿ."

ಗುರುಮಲ್ಲಪ್ಪನ ಫೋನು ಬಂದಾಗ ಹುಚ್ಚರಾಯಪ್ಪ ಸೊರಬದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದ. ಕೈ ಅಲ್ಲೇ ನಿಂತಿತು. ಡಮ್ಮಿ ಗುಂಡು ಸಿಡಿಯುವುದೆಂದರೇನು? ಅದರಲ್ಲಿ ಮದ್ದಿಲ್ಲ, ಕಿಡಿ ಹೊತ್ತಿಸುವ ಕೇಪೂ ಇಲ್ಲ.

"ಯಾರಿಗಾದ್ರೂ ತಾಗ್ತಾ?"

"ತಮ್ಮಂಗೆ. ಸಿದ್ಧಲಿಂಗೇಶಂಗೆ. ತೋಳಿಗೆ ಬಿದ್ದೈತಿ. ಶಿಕಾರಿಪುರದ ಆಸ್ಪತ್ರೆಗೆ ಕಳ್ಸೀವಿ. ಪೊಲೀಸ್ರು ನಿಮ್ಮನ್ನೇ ಕೇಳ್ತಾ ಇದಾರೆ."

ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಹುಚ್ಚರಾಯಪ್ಪ ಶಿರಾಳಕೊಪ್ಪದ ಬಸ್ಸು ಹತ್ತಿದ.

ಪೊಲೀಸ್ ಶಸ್ತ್ರಾಗಾರದಲ್ಲಿ ಇಪ್ಪತ್ತೇಳು ವರ್ಷ ಬಂದೂಕು ಒರೆಸಿ ನಿವೃತ್ತನಾದವನು ಅವನು. ಈಗ ಲೈಸೆನ್ಸ್ ಇರುವವರಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸುತ್ತಾನೆ. ಅಭ್ಯಾಸಕ್ಕೆಂದು ಡಮ್ಮಿ ಗುಂಡುಗಳನ್ನೂ ಅವನೇ ಮಾಡಿಕೊಡುತ್ತಾನೆ. ಹಾರಿಸಿ ಬಿಸಾಡಿದ ಹಿತ್ತಾಳೆ ಕೊಳವೆಗೆ ಪಕ್ಕದಲ್ಲೊಂದು ತೂತು, ಮೇಲೊಂದು ಹೊಸ ಮೂತಿ, ಮೂತಿಗೆ ಕೆಂಪು ಎನಾಮೆಲ್ ಬಣ್ಣ. ಮೊದಲು ಕೆಂಪು ನೋಡಿ, ಆಮೇಲೆ ತೂತು ನೋಡಿ ಎಂದು ಕಲಿಯಲು ಬಂದವರಿಗೆಲ್ಲ ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳಿದ್ದಾನೆ.

ಬಸ್ಸಿನಲ್ಲಿ ಅವನನ್ನು ಕೊರೆಯುತ್ತಿದ್ದದ್ದು ಒಂದೇ ವಿಷಯ. ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸಿಕೊಳ್ಳಿ ಎಂದು ಹೆಂಡತಿ ತುಂಗಮ್ಮ ವರ್ಷದಿಂದ ಬಡಿದುಕೊಳ್ಳುತ್ತಿದ್ದಳು. ಖಾಲಿ ಕೊಳವೆಗಳ ಪೊಟ್ಟಣದಲ್ಲಿ ಒಂದು ಜೀವಂತ ಗುಂಡು ಸೇರಿಕೊಂಡಿದ್ದು, ತಾನು ಅದಕ್ಕೂ ಬಣ್ಣ ಬಳಿದು ಕೊಟ್ಟುಬಿಟ್ಟಿದ್ದರೆ? ಇಲ್ಲ ಎಂದು ಎದೆ ತಟ್ಟಿ ಹೇಳಲು ಅವನಿಗೇ ಧೈರ್ಯ ಬರಲಿಲ್ಲ. ಸಿಟ್ಟು ಬಂತು, ಅದೂ ತನ್ನ ಮೇಲೆಯೇ.

*

ಗುರುಮಲ್ಲಪ್ಪ ಮೆಕ್ಕೆಜೋಳದ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಆಯುಧಪೂಜೆಯ ಮರುದಿನವಾದ್ದರಿಂದ ತಕ್ಕಡಿ, ಸ್ಕೂಟರು, ಬೀರು ಎಲ್ಲಕ್ಕೂ ಚೆಂಡುಹೂವಿನ ಹಾರ. ಮೇಲಿನ ಕೋಣೆಯ ಬಾಗಿಲಲ್ಲೇ ಸಬ್ ಇನ್‌ಸ್ಪೆಕ್ಟರ್ ತೀರ್ಥೇಶ್ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕೊಳ್ಳಿ ಹುಚ್ಚರಾಯಪ್ಪನವರೇ. ಏನನ್ನೂ ಮುಟ್ಬೇಡಿ."

"ನಾನು ಮಾಡಿದ ಡಮ್ಮಿ ಸಾರ್. ನೋಡೋದು ಬೇಡವಾ?"

"ನೀವು ಮಾಡಿದ್ದಕ್ಕೇ ಬೇಡ ಅಂದಿದ್ದು."

ತೀರ್ಥೇಶ್ ಗುಂಡಿನ ಪೆಟ್ಟಿಗೆ ತೆರೆದ. ಒಳಗೆ ಮೂತಿ ಮೇಲಾಗಿ ಒತ್ತೊತ್ತಾಗಿ ನಿಂತ ಗುಂಡುಗಳು. ಒಂದೊಂದರ ತುದಿಗೂ ಬೆರಳಿಟ್ಟು ಎಣಿಸಿದ. ಅದು ಮೂರನೆಯ ಎಣಿಕೆ.

"ಇಪ್ಪತ್ತೈದು. ಲೈಸೆನ್ಸ್ ಪುಸ್ತಕದಲ್ಲೂ ಇಪ್ಪತ್ತೈದೇ. ಇವರ ಜೀವಂತ ಗುಂಡು ಒಂದೂ ಕಮ್ಮಿ ಆಗಿಲ್ಲ. ನೀವು ಕೊಟ್ಟಿದ್ದು ಆರು ಡಮ್ಮಿ. ಐದು ಇಲ್ಲಿವೆ. ಹಂಗಾದ್ರೆ ಸಿಡಿದಿದ್ದು ಯಾವುದು?"

"ಸಿಡಿದ ಕೊಳವೆಗೆ ತೂತು ಇದೆಯಾ ಸಾರ್?"

"ಇಲ್ಲ."

"ಹಂಗಾದ್ರೆ ಅದು ನಂದಲ್ಲ."

"ಕೊರೆಯೋದು ಮರ್ತಿರ್ತೀರಿ. ನಿಮ್ಮ ಕಣ್ಣಿನ ವಿಷಯ ನಂಗೂ ಗೊತ್ತು."

ಹುಚ್ಚರಾಯಪ್ಪ ಬಲಗಣ್ಣು ಉಜ್ಜಿಕೊಂಡ. ಮೂಲೆಯ ಸ್ಟೂಲಿನ ಮೇಲೆ ಮುದುರಿ ಕೂತಿದ್ದ ಗುರುಮಲ್ಲಪ್ಪನ ಕಡೆ ತಿರುಗಿದ.

"ನೀವೆಂತ ಮಾಡಿದ್ರಿ ಮಾರಾಯ್ರೆ? ತುಂಬೋವಾಗ ನೋಡ್ಲಿಲ್ವಾ?"

"ನೋಡೀನಿ. ಆರಕ್ಕ ಆರೂ ಕೆಂಪಿದ್ವು. ಪೆಟ್ಟಿಗೆ ಗುಂಡೂ ಎಣಿಸಿದೆ, ಸರಿ ಇದ್ವು. ನೀವು ಹೇಳಿಕೊಟ್ಟಂಗೆ ಮಾಡೀನ್ರೀ."

"ತೂತು?"

"ದಿನಾ ಯಾರು ನೋಡ್ತಾರ್ರೀ ತೂತು?"

"ಗುರಿ ಆ ಗೋಡೆ ಕಡೆ, ಮರಳಿನ ಚೀಲಕ್ಕೆ ಹಿಡೀರಿ ಅಂದಿದ್ನಲ್ಲ!"

"ಅದರ ಮುಂದೆ ಜೋಳದ ಚೀಲ ಒಟ್ಟೀವಿ. ಈ ಪ್ಲೈವುಡ್ಡಿನ ಅಡ್ಡಗೋಡೆ ಮೇಲಿನ ಕ್ಯಾಲೆಂಡರ್‌ಗೇ ಹಿಡೀತಿದ್ದೆ. ಇವತ್ತು ಅದರ ಮೇಲೆ ಹಾರ ಹಾಕಿದ್ರು. ಅದಕ್ಕ ಅದೇ ಹಲಗೆಯ ಕಿಟಕಿ ಕಡೆ ಮೊಳೆಗೆ ಹಿಡಿದೆ. ಎರಡು ಸಲ ಟಕ್ ಅಂತು. ಮೂರನೇದು..." ಗುರುಮಲ್ಲಪ್ಪ ಮುಖ ಮುಚ್ಚಿಕೊಂಡ. "ಆ ಕಡೆ ತಮ್ಮ ಲಿಂಗಪೂಜೆಗೆ ಕೂತಿದ್ದ."

ಹುಚ್ಚರಾಯಪ್ಪ ಹಣೆ ಚಚ್ಚಿಕೊಂಡ. ಆ ಕಡೆ ಮನುಷ್ಯ ಕೂತಿರುವುದು ಗೊತ್ತಿದ್ದೂ ದಿನಾ ಅದೇ ಹಲಗೆಗೆ ಪಿಸ್ತೂಲು ಹಿಡಿದಿದ್ದಾನೆ ಮಹಾರಾಯ. ಇಷ್ಟು ದಿನ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

*

ತೀರ್ಥೇಶನಿಗೆ ಅವಸರ. ಮಧ್ಯಾಹ್ನದೊಳಗೆ ವರದಿ ಮೇಲೆ ಹೋಗಬೇಕಿತ್ತು. ಹೇಳಿಕೆಯ ಹಾಳೆಯನ್ನು ಮುಂದಕ್ಕೆ ತಳ್ಳಿದ.

"ನಿರ್ಲಕ್ಷ್ಯದಿಂದ ಜೀವಂತ ಗುಂಡು ಕೊಟ್ಟಿದ್ದೀರಿ ಅಂತ. ಓದಿ ಸೈನ್ ಮಾಡಿ."

ಅಕ್ಷರ ಮಂಜುಮಂಜು. ಹುಚ್ಚರಾಯಪ್ಪ ಹಾಳೆಯನ್ನು ಎಡಗಣ್ಣಿನ ಹತ್ತಿರಕ್ಕೆ ತಂದ. ಮೂಲೆಯಲ್ಲೊಂದು ಕೆಂಪು ಬೆರಳಚ್ಚು.

"ಇದೆಂತ ಸಾರ್ ಕೆಂಪು? ರಕ್ತವಾ?"

ತೀರ್ಥೇಶ್ ತನ್ನ ತೋರುಬೆರಳು ನೋಡಿಕೊಂಡ. "ಕುಂಕುಮ ಕಣ್ರೀ. ನಿನ್ನೆ ಗುಂಡಿಗೂ ಪೂಜೆ ಮಾಡಿದ್ದಾರೆ. ಎಣಿಸೋವಾಗ ಹತ್ತಿದೆ."

"ಜೀವಂತ ಗುಂಡಿನ ಮೂತಿಗೆ ಕುಂಕುಮವಾ?"

"ನಾನೇ ಹಚ್ಚಿದ್ದು," ಎಂದಳು ಗುರುಮಲ್ಲಪ್ಪನ ಹೆಂಡತಿ ನಿರ್ಮಲಮ್ಮ. ಬಾಗಿಲ ಬಳಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇಪ್ಪತ್ತೈದಕ್ಕೂ ಹಚ್ಚಿ, ಪೆಟ್ಟಿಗೆಗೆ ಇಟ್ಟು, ಬೀಗ ಹಾಕೀನ್ರೀ. ಡಮ್ಮಿ ಮುಟ್ಟಿಲ್ಲ. ಅದಕ್ಯಾಕೆ ಪೂಜೆ?"

ಹುಚ್ಚರಾಯಪ್ಪ ಹಾಳೆ ಕೆಳಗಿಟ್ಟ.

"ಸಾರ್, ನಾನು ಮುಟ್ಟಲ್ಲ. ನೀವೇ ಕರವಸ್ತ್ರ ಒದ್ದೆ ಮಾಡಿ ಒಂದೊಂದೇ ಮೂತಿ ಒರೆಸಿ. ಕುಂಕುಮ ಹೋಗ್ತದೆ. ನನ್ನ ಎನಾಮೆಲ್ ಹೋಗಲ್ಲ."

"ಸುಮ್ನೆ ಟೈಮ್ ವೇಸ್ಟ್ ರೀ."

"ಮೂರು ಸಲ ಎಣಿಸಿದ್ರಲ್ಲ ಸಾರ್! ಒಂದ್ ಸಲ ಒರೆಸೋಕೆ ಎಂತ ಕಷ್ಟ?"

ಅವನ ದನಿ ಎಷ್ಟು ಏರಿತ್ತೆಂದರೆ ತೀರ್ಥೇಶ್ ಕರವಸ್ತ್ರ ಒದ್ದೆ ಮಾಡಿಕೊಂಡ. ಒಂದು ಒರೆಸಿದ, ಹಿತ್ತಾಳೆ ಬಣ್ಣ ಹೊಳೆಯಿತು. ಎರಡು, ಮೂರು, ಹತ್ತು. ಹತ್ತೊಂಬತ್ತನೆಯದು ಕೆಂಪಾಗಿಯೇ ಉಳಿಯಿತು. ಮತ್ತೆ ಉಜ್ಜಿದ. ಹೋಗಲಿಲ್ಲ. ಹೊರಗೆಳೆದು ತಿರುಗಿಸಿದ. ಪಕ್ಕದಲ್ಲಿ ತೂತು.

"ನಿಮ್ಮ ಆರನೇ ಡಮ್ಮಿ," ಎಂದ ತೀರ್ಥೇಶ್ ಮೆಲ್ಲಗೆ.

ಹುಚ್ಚರಾಯಪ್ಪ ಗೋಡೆಗೊರಗಿದ.

"ಯಾರೋ ಅದಲು ಬದಲು ಮಾಡಿದ್ದಾರೆ ಸಾರ್. ಕುಂಕುಮದ ಗುಂಡು ಡಮ್ಮಿ ಜೊತೆ ಸೇರ್ತು. ಎಣಿಕೆ ತಪ್ಪಬಾರದು ಅಂತ ಡಮ್ಮಿ ಇಲ್ಲಿಗೆ ಬಂತು. ತುಂಬೋವಾಗ ಆರೂ ಕೆಂಪಿದ್ವು ಅಂದ್ರಲ್ಲ ಇವರು. ಅಂದ್ರೆ ಪೂಜೆ ಮುಗಿದ ಮೇಲೆ ಬೀಗ ತೆಗೆದಿದ್ದಾರೆ. ಕೀಲಿ ಎಲ್ಲಿರ್ತದೆ ನಿರ್ಮಲಮ್ಮ?"

"ದೇವರ ಫೋಟೋ ಹಿಂದೆ. ಮನೆಯವರಿಗೆಲ್ಲ ಗೊತ್ತು."

ತೀರ್ಥೇಶನ ಕಣ್ಣು ಗುರುಮಲ್ಲಪ್ಪನ ಮೇಲೆ ಹೋಯಿತು. "ಅಣ್ಣ ತಮ್ಮಂದಿರ ನಡುವೆ ಏನಾದ್ರೂ ಜಗಳ?"

"ನಾನಾ? ನನ್ನ ತಮ್ಮನ್ನ ನಾನಾ?" ಗುರುಮಲ್ಲಪ್ಪ ಎದ್ದು ನಿಂತ.

ಹುಚ್ಚರಾಯಪ್ಪ ಆಗಲೇ ಪಕ್ಕದ ಕೋಣೆಯಲ್ಲಿದ್ದ. ಕ್ಯಾಲೆಂಡರಿನ ಹಿಂಬದಿಗೆ ನೇರವಾಗಿ, ಕೆಂಪು ಗಾರೆಯ ನೆಲದಲ್ಲಿ ಮಣೆಯಷ್ಟೇ ಅಗಲದ ಚೌಕ ಸವೆದಿತ್ತು. ಸುತ್ತ ವರ್ಷಗಳ ವಿಭೂತಿ ಕೂತು ನೆಲ ಬೆಳ್ಳಗಾಗಿತ್ತು. ಆದರೆ ಮಣೆ ಅಲ್ಲಿರಲಿಲ್ಲ. ನಾಲ್ಕು ಮೊಳ ಆಚೆ, ಕಿಟಕಿಯ ಪಕ್ಕದಲ್ಲಿ, ರಕ್ತದ ಕಲೆಯ ನಡುವೆ ಇತ್ತು.

"ಮಣೆ ಯಾರು ಸರಿಸಿದ್ದು?"

"ಅವನೇ. ಹನ್ನೊಂದು ವರ್ಷದಿಂದ ಒಂದೇ ಕಡೆ ಕೂರ್ತಿದ್ದ," ಎಂದಳು ನಿರ್ಮಲಮ್ಮ. "ಇವತ್ತು ಯಾಕೋ ಆ ಕಡೆ ಎಳಕೊಂಡಿದ್ದ."

*

ಶಿಕಾರಿಪುರದ ಆಸ್ಪತ್ರೆಯಲ್ಲಿ ಸಿದ್ಧಲಿಂಗೇಶ್ ತೋಳಿಗೆ ಕಟ್ಟು ಕಟ್ಟಿಸಿಕೊಂಡು ಮಲಗಿದ್ದ. ಅಣ್ಣನನ್ನೂ ತೀರ್ಥೇಶನನ್ನೂ ಕಂಡು ಏಳಲು ಹೋದ.

"ಮಲಗಿ," ಎಂದ ಹುಚ್ಚರಾಯಪ್ಪ. "ಒಂದೇ ಪ್ರಶ್ನೆ. ಗುಂಡು ಕ್ಯಾಲೆಂಡರ್ ಕಡೆಯಿಂದ ಬರ್ತದೆ ಅಂತ ನಿಮಗೆ ಮೊದಲೇ ಹೆಂಗೆ ಗೊತ್ತಾಯ್ತು?"

ಸಿದ್ಧಲಿಂಗೇಶ್ ಗೋಡೆಯ ಕಡೆ ಮುಖ ತಿರುಗಿಸಿದ.

"ಗುಂಡು ಅದಲು ಬದಲು ಮಾಡಿದವನಿಗೆ ಮಾತ್ರ ಮಣೆ ಸರಿಸೋ ಬುದ್ಧಿ ಬರ್ತದೆ. ಅಣ್ಣ ದಿನಾ ಕ್ಯಾಲೆಂಡರ್‌ಗೆ ಹಿಡೀತಾರೆ. ಕಿಟಕಿ ಕಡೆ ಕೂತ್ರೆ ಬಚಾವ್ ಅಂದ್ಕೊಂಡ್ರಿ. ಹಾರ ಅಡ್ಡ ಬರ್ತದೆ ಅಂತ ಹೊಳೀಲಿಲ್ಲ."

"ನೀನಾ?" ಗುರುಮಲ್ಲಪ್ಪ ಮಂಚದ ಹತ್ತಿರ ಬಂದ. "ಯಾಕೋ?"

"ಶ್ರುತಿ ಸಲುವಾಗಿ." ಸಿದ್ಧಲಿಂಗೇಶ್ ಅಣ್ಣನನ್ನೇ ನೋಡಿದ. "ನಿನ್ನೆ ಪೂಜೆ ಹೊತ್ತಿಗೆ ನನ್ನ ಮಗಳ ಅಂಗೈಲಿ ಕುಂಕುಮ ಹಚ್ಚಿದ ಗುಂಡಿತ್ತು. ಕೆಂಪೈತಿ ಅಪ್ಪಾ, ಆಟದ್ದು ಅಂದ್ಲು. ನಿಂಗೆ ಹೇಳಿದೆ. ನೀ ನಕ್ಕೆ. ಎಣಿಕೆ ಸರಿ ಐತಿ ಬಿಡೋ ಅಂದೆ. ಪಿಸ್ತೂಲು ಮನೇಲಿ ಬ್ಯಾಡ ಅಂತ ಎಷ್ಟು ವರ್ಷದಿಂದ ಬಾಯಿ ಬಡ್ಕೊಂಡೀನಿ? ಒಂದ್ ಸಲ ಗೋಡೆಗೆ ಹಾರಿದ್ರೆ ಪೊಲೀಸ್ರೇ ಒಯ್ತಾರೆ ಅಂದ್ಕೊಂಡೆ."

"ಕೋಣೆ ಬಿಟ್ಟು ಹೊರಗಾದ್ರೂ ಕೂರಬಾರದಿತ್ತಾ?" ಎಂದ ತೀರ್ಥೇಶ್.

"ಪೂಜೆ ಹೊತ್ತಿಗೆ ಕೋಣೆ ಬಿಟ್ಟೆ ಅಂದ್ರೆ ಎಲ್ಲರಿಗೂ ಅನುಮಾನ ಬರ್ತಿತ್ತು ಸಾರ್."

"ನನ್ನ ತಲೆ ಮೇಲೆ ಬರ್ತದೆ ಅಂತ ಅನಿಸ್ಲಿಲ್ವಾ ನಿಮಗೆ?" ಹುಚ್ಚರಾಯಪ್ಪ ಗುಡುಗಿದ. "ಬೆಳಗಿಂದ ನನ್ನ ಕಣ್ಣನ್ನ ನಾನೇ ನಂಬದ ಹಂಗೆ ಮಾಡಿದ್ರಲ್ಲ!"

ಸಿದ್ಧಲಿಂಗೇಶ್ ತಲೆ ತಗ್ಗಿಸಿದ. ಗುರುಮಲ್ಲಪ್ಪ ಮಂಚದ ಕಾಲ ಬಳಿ ನೆಲಕ್ಕೇ ಕುಸಿದು ಕೂತ. ತೀರ್ಥೇಶ್ ಹುಚ್ಚರಾಯಪ್ಪನ ಹೇಳಿಕೆಯ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ.

"ನಿಮ್ಮದೇನೂ ತಪ್ಪಿಲ್ಲ. ಹೋಗಿ ಬನ್ನಿ."

*

ಬಸ್ಸಿಗೆ ಕಾಯುತ್ತ ನಿಂತಾಗ ಹುಚ್ಚರಾಯಪ್ಪ ತೀರ್ಥೇಶನ ಆ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದ. ತಪ್ಪಿಲ್ಲವೇ? ಡಮ್ಮಿಗೆ ಕೆಂಪು ಬಣ್ಣ ಆರಿಸಿದವರು ಯಾರು? ಶಸ್ತ್ರಾಗಾರದಲ್ಲಿ ಇಪ್ಪತ್ತೇಳು ಆಯುಧಪೂಜೆಗೆ ಸಾಲು ಸಾಲು ಬಂದೂಕಿಗೆ, ಗುಂಡಿಗೆ ತನ್ನ ಬೆರಳಿಂದಲೇ ಕುಂಕುಮ ಹಚ್ಚಿದವನು ಅವನು. ಅಂಥವನಿಗೆ ಬಣ್ಣದಂಗಡಿಯಲ್ಲಿ ನಿಂತಾಗ ಅದೊಂದು ನೆನಪಾಗಲಿಲ್ಲ. ಕೆಂಪಿದ್ದರೆ ಆಟದ್ದು ಎಂದು ಆ ಮಗುವಿನ ಅಂಗೈಗೆ ಗುಂಡು ಬಂದದ್ದು ಇವನ ಪಾಠದಿಂದಲೇ. ಇದಕ್ಕೆ ಪೊರೆಯನ್ನು ದೂರುವಂತಿರಲಿಲ್ಲ. ಬಣ್ಣ ಕೊಂಡಾಗ ಎರಡು ಕಣ್ಣೂ ಚೆನ್ನಾಗಿದ್ದವು.

ಕೆಂಪು ತುದಿಯ ಡಮ್ಮಿ ಇನ್ನೂ ಹದಿನೆಂಟು ಮನೆಗಳಲ್ಲಿತ್ತು. ಎಲ್ಲ ಮನೆಯಲ್ಲೂ ನಿನ್ನೆ ಪೂಜೆ ಆಗಿತ್ತು.

ಫೋನು ತೆಗೆದು ಕುಪ್ಪಗಡ್ಡೆಯ ಕೆಂಪಪ್ಪನ ನಂಬರು ಒತ್ತಿದ.

"ಕೆಂಪಪ್ಪನವರೇ, ಪಿಸ್ತೂಲು ಎಲ್ಲಿದೆ? ಮುಟ್ಟಬೇಡಿ. ಮಕ್ಕಳನ್ನ ಆ ಕೋಣೆಗೆ ಬಿಡಬೇಡಿ. ಎಂತಕ್ಕೆ ಅಂತ ಬಂದು ಹೇಳ್ತೀನಿ ಮಾರಾಯ್ರೆ. ಬಸ್ಸು ಬಂತು, ಹತ್ತುತಾ ಇದ್ದೀನಿ."